ಅಕ್ಕನ ಇಂಜೆಕ್ಷನ್, ನಮ್ಮ ಹೆಲ್ತ್ ಇನ್ಶೂರೆನ್ಸ್: ಐದಕ್ಕೆ ಎರಡು ಸ್ಟಾರ್

ಕಂಪನಿಯ ಹೆಸರು ಬೇಡ. ಆದರೆ ಆದದ್ದನ್ನು ಬರೆಯಲೇಬೇಕು. ಇದೇ ಇಂಜೆಕ್ಷನ್ ತಗೊಳ್ಳುತ್ತಿರುವ ಹೆಣ್ಣುಮಕ್ಕಳು ಎಷ್ಟೋ ಜನ ಇದ್ದಾರೆ, ಅಲ್ವಾ?

ಅಕ್ಕನಿಗೆ ಸ್ತನ ಕ್ಯಾನ್ಸರ್, ಹರ್-2 ಪಾಸಿಟಿವ್. ಅಂದ್ರೆ ಗಡ್ಡೆಯಲ್ಲಿ ಹರ್-2 ಅನ್ನುವ ಪ್ರೋಟೀನ್ ಜಾಸ್ತಿ ಇರುವ ಬಗೆ. ಆಪರೇಷನ್ನಿಗೆ ಕ್ಯಾಶ್‌ಲೆಸ್ ಸಲೀಸಾಗಿ ಆಯ್ತು. ಕೊಟ್ಟ ಎರಡು ಸ್ಟಾರ್ ಅದಕ್ಕೇ.

ಆಮೇಲೆ ಬಂತು ಟ್ರಾಸ್ಟುಜುಮ್ಯಾಬ್, ಆ ಹರ್-2 ಅನ್ನೇ ಗುರಿಯಾಗಿಸುವ ಇಂಜೆಕ್ಷನ್. ಮೂರು ವಾರಕ್ಕೊಂದು ಡೋಸ್, ಒಂದು ವರ್ಷ. ಬೆಂಗಳೂರಿನ ಬಯೋಕಾನ್ 2014ರಲ್ಲಿ ಇದರ ಕಡಿಮೆ ಬೆಲೆಯ ಬಯೋಸಿಮಿಲರ್ (ಮೂಲ ಔಷಧಿಯಂತೆಯೇ ಕೆಲಸ ಮಾಡುವ ಇನ್ನೊಂದು) ತಂದಿತು. ಆದರೂ ನಮ್ಮಂಥವರಿಗೆ ಭಾರವೇ. ಡ್ರಿಪ್ ಮೊದಲ ಸಲ ಒಂದೂವರೆ ಗಂಟೆ, ಆಮೇಲೆ ಅರ್ಧ ಗಂಟೆ. ಸಂಜೆಗೆ ತುಮಕೂರಿನ ಬಸ್ಸು ಹತ್ತುತ್ತಿದ್ದೆವು.

ಕಂಪನಿ ಹಿಡಿದದ್ದು ಅದನ್ನೇ. "24 ಗಂಟೆ ಅಡ್ಮಿಟ್ ಆಗಿಲ್ಲ, ಒಪಿಡಿ ಔಷಧಿ", ಅಂದ್ರೆ ಹೊರರೋಗಿಯಾಗಿ ತಗೊಂಡದ್ದು, ಅಂತ ಮೂರು ಕ್ಲೈಮ್ ರಿಜೆಕ್ಟ್. ಫೋನ್ ಮಾಡಿದರೆ ಪ್ರತಿ ಸಲ ಹೊಸಬರು. "ಕ್ಯಾನ್ಸರ್" ಅನ್ನುವ ಮಾತಿನಿಂದಲೇ ಮತ್ತೆ ಶುರು ಮಾಡಬೇಕು, ಅದೂ ಪಕ್ಕದ ಕೋಣೆಯಲ್ಲಿ ಅಕ್ಕ ಕೇಳಿಸಿಕೊಳ್ಳುತ್ತಿರುವಾಗ. ನನಗೆ ಜಾಸ್ತಿ ನೋವಾದದ್ದು ಅದರಿಂದ.

ಒಂದು ರಾತ್ರಿ ಪಾಲಿಸಿ ಪುಸ್ತಕ ಹಿಡಿದು ಕೂತೆ. "ಮಾಡರ್ನ್ ಟ್ರೀಟ್‌ಮೆಂಟ್" ಅಂತ ಒಂದು ಪಟ್ಟಿ ಇತ್ತು. ವಿಮಾ ಕಂಪನಿಗಳಿಗೆ ನಿಯಮ ಹಾಕುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ 2019ರಲ್ಲಿ ಹೆಸರಿಸಿದ 12 ಚಿಕಿತ್ಸೆಗಳು ಅವು. ಬಾಯಿಂದ ತಗೊಳ್ಳುವ ಕೀಮೋ ಅದರಲ್ಲಿದೆ. ಇಂಜೆಕ್ಷನ್ ಆಗಿ ಕೊಡುವ ಮೊನೊಕ್ಲೋನಲ್ ಆಂಟಿಬಾಡಿಯೂ (ಒಂದೇ ಗುರಿಗೆ ಹೋಗಿ ಅಂಟುವ ಪ್ರೋಟೀನ್ ಔಷಧಿ) ಇದೆ. ಅಕ್ಕನ ಟ್ರಾಸ್ಟುಜುಮ್ಯಾಬ್ ಅದೇ! ಡೇ ಕೇರ್‌ನಲ್ಲಿ, ಅಂದ್ರೆ ಅಡ್ಮಿಟ್ ಮಾಡಿಕೊಂಡು ಅದೇ ದಿನ ಮನೆಗೆ ಕಳಿಸುವ ಹಾಗೆ, ಕೊಟ್ಟರೂ ಕವರ್ ಇದೆ ಅಂತ ಅಲ್ಲೇ ಬರೆದಿತ್ತು.

ಮುಂದಿನ ಸಲ ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನ ಹುಡುಗಿಗೆ ತೋರಿಸಿದೆ. ಅವಳು ನಮ್ಮ ಹಳೇ ಬಿಲ್ಲಿನ ಮೂಲೆಯಲ್ಲಿ ಬೆರಳಿಟ್ಟಳು. "ಇಲ್ಲಿ ಒಪಿಡಿ ಅಂತ ಬಿದ್ದಿದೆ ನೋಡಿ ಮೇಡಂ. ಇವತ್ತಿಂದ ಡೇ ಕೇರ್ ಅಡ್ಮಿಷನ್ ಮಾಡ್ತೀನಿ, ಡಿಸ್ಚಾರ್ಜ್ ಸಮ್ಮರಿ ಬಿಡದೆ ಇಸ್ಕೊಳ್ಳಿ." ಆ ಹುಡುಗಿಗೆ ಐದಕ್ಕೆ ಐದು.

ರಿಜೆಕ್ಟ್ ಆದ ಹಳೇ ಮೂರು ಕ್ಲೈಮಿಗೆ ಡಾಕ್ಟರ ಪತ್ರ, ಹರ್-2 ರಿಪೋರ್ಟ್, ಪಾಲಿಸಿಯ ಆ ಪುಟ ಸೇರಿಸಿ ಕಂಪನಿಯ ಗ್ರೀವೆನ್ಸ್ (ದೂರು) ವಿಭಾಗಕ್ಕೆ ಕಳಿಸಿದೆ. ತಿಂಗಳಲ್ಲಿ ಬಗೆಹರಿಯದಿದ್ದರೆ ಬೆಂಗಳೂರಿನ ಇನ್ಶೂರೆನ್ಸ್ ಒಂಬುಡ್ಸ್‌ಮನ್ (ವಿಮಾ ಕಂಪನಿಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಹತ್ತಿರ ಹೋಗುತ್ತೇವೆ ಅಂತಲೂ ಬರೆದೆ. ಅಲ್ಲಿ ದೂರು ಕೊಡಲು ಫೀಸಿಲ್ಲ, ವಕೀಲರೂ ಬೇಡ. ಅಷ್ಟು ದೂರ ಹೋಗಬೇಕಾಗಲಿಲ್ಲ. ಇಪ್ಪತ್ತಾರನೇ ದಿನ ದುಡ್ಡು ಬಂತು.

ಒಂದು ಮಿತಿ ಇದೆ: ನಮ್ಮ ಪಾಲಿಸಿಯಲ್ಲಿ ಈ ಪಟ್ಟಿಯ ಚಿಕಿತ್ಸೆಗೆ ವಿಮಾ ಮೊತ್ತದ ಅರ್ಧ ಮಾತ್ರ. ಮಾರುವಾಗ ಏಜೆಂಟ್ ಇದನ್ನು ಹೇಳಿರಲಿಲ್ಲ. ನಿಮ್ಮದರಲ್ಲಿ ಎಷ್ಟಿದೆ ಅಂತ ಇವತ್ತೇ ನೋಡಿಕೊಳ್ಳಿ.

ಹದಿನಾಲ್ಕು ಡೋಸ್ ಮುಗಿದಿದೆ. ಈಗ ಸೂಜಿ ಚುಚ್ಚುವ ಮೊದಲು ಅಕ್ಕನೇ ನರ್ಸನ್ನು ಕೇಳುತ್ತಾಳೆ, "ಡೇ ಕೇರ್ ಅಂತ ಬರೆದ್ರಾ ಸಿಸ್ಟರ್?"