ಟೆಸ್ಟರ್ ಬಲ್ಬಾ, ಮೀಟರಾ, ಮೇಸ್ತ್ರಿ ಕಿವಿನಾ? ಹಳೇ ಪಿಕಪ್ ಮೇಲೆ ಎಲ್ಲವನ್ನೂ ಹಚ್ಚಿ ನೋಡಿದ ಕಥೆ

ನನ್ನದು 2008ರ ಪಿಕಪ್. ಡೀಸೆಲ್ ಗಾಡಿ, ಐದು ಗೇರು, ಕ್ಲಚ್‌ಗೆ ಕೇಬಲ್. ಕಾರಟಗಿ ಸುತ್ತಿನ ಹಳ್ಳಿಗಳಿಂದ ಗಂಗಾವತಿಯ ರೈಸ್ ಮಿಲ್ಲುಗಳಿಗೆ ನೆಲ್ಲು ಹೊಡೆಯುವುದೇ ಅದರ ಕೆಲಸ. ಬೇಸಿಗೆ ಬೆಳೆಯ ಕೊಯ್ಲು ಶುರುವಾಗುವ ಹೊತ್ತಿಗೆ ಸರಿಯಾಗಿ ಅದಕ್ಕೆ ಎರಡು ರೋಗ ಒಟ್ಟಿಗೆ ಬಂದವು. ಬೆಳಿಗ್ಗೆ ಸೆಲ್ಫ್ (ಇಂಜಿನ್ ತಿರುಗಿಸಿ ಚಾಲೂ ಮಾಡುವ ಮೋಟಾರು) ಹೊಡೆದರೆ "ಉಂ... ಉಂ..." ಎಂದು ಎರಡು ಸುತ್ತು ನರಳಿ ನಿಂತುಬಿಡುತ್ತಿತ್ತು. ಹೇಗೋ ತಳ್ಳಿ ಸ್ಟಾರ್ಟ್ ಮಾಡಿದರೆ ರಿವರ್ಸ್ ಗೇರು ಕರ್ರ್ ಎಂದು ಹಲ್ಲು ಕಡಿಯುತ್ತಿತ್ತು. ಫಸ್ಟ್ ಗೇರ್ ಅಂತೂ ಲಿವರ್ ಮೇಲೆ ಮೈಭಾರ ಹಾಕಿದರೆ ಮಾತ್ರ ಬೀಳುತ್ತಿತ್ತು.

ವೈರಿಂಗ್ ಅಂಗಡಿಯಲ್ಲಿ "ಬ್ಯಾಟರಿ ಹೋಗೈತಿ" ಅಂದರು. ಗೇರ್‌ಬಾಕ್ಸ್ ಕೆಲಸದವರು "ಬಾಕ್ಸ್ ಇಳಸಬೇಕಾಗ್ತೈತ್ರೀ, ಸಿಂಕ್ರೊ ರಿಂಗ್ ಹೋಗ್ಯಾವು" ಅಂದರು. ಗೇರು ಬೀಳುವಾಗ ಹಲ್ಲುಗಳ ವೇಗ ಹೊಂದಿಸುವ ರಿಂಗುಗಳವು. ಎರಡೂ ಲೆಕ್ಕ ಕೂಡಿಸಿದರೆ 22 ಸಾವಿರ. ಮೊದಲು ಬ್ಯಾಟರಿ ಹಾಕಿಸಿದೆ. ಮೂರು ದಿನ ಚೆನ್ನಾಗಿತ್ತು, ನಾಲ್ಕನೇ ದಿನ ಮತ್ತೆ ಅದೇ ನರಳಾಟ. ಬಾಕ್ಸ್ ಇಳಿಸುವ ಮುಂಚೆ ನಾನೇ ಒಂದು ಕೈ ನೋಡಿಬಿಡೋಣ ಅನ್ನಿಸಿತು. ಒಂದು ವಾರ ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಿಸಿಕೊಂಡು ಸಿಕ್ಕ ದಾರಿಗಳನ್ನೆಲ್ಲ ಪರೀಕ್ಷೆ ಮಾಡಿದೆ. ಯಾವುದು ಎಲ್ಲಿ ಕೆಲಸಕ್ಕೆ ಬಂತು, ಎಲ್ಲಿ ಸುಳ್ಳು ಹೇಳಿತು ಅಂತ ಬರೆಯುತ್ತಿದ್ದೇನೆ.

ಮೊದಲು ಸ್ಕ್ಯಾನರ್ ಕಥೆ ಮುಗಿಸಿಬಿಡುತ್ತೇನೆ, ಅದು ಚಿಕ್ಕದು. ಆನ್‌ಲೈನ್‌ನಲ್ಲಿ ಸಿಗುವ ಬ್ಲೂಟೂತ್ ಒಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರಿನಿಂದ ತೊಂದರೆಯ ಕೋಡ್ ಓದುವ ಸಾಧನ) 700 ರೂಪಾಯಿ ಕೊಟ್ಟು ತರಿಸಿದೆ. ಡ್ಯಾಶ್‌ಬೋರ್ಡ್ ಕೆಳಗೆ ತಲೆ ಹಾಕಿ ಅರ್ಧ ತಾಸು ಹುಡುಕಿದರೂ ಅದನ್ನು ಚುಚ್ಚುವ 16 ಪಿನ್ನಿನ ಸಾಕೆಟ್ ಸಿಗಲಿಲ್ಲ. ಎಲ್ಲಿ ಸಿಗಬೇಕು? ನನ್ನ ಗಾಡಿಯದು ಮೆಕ್ಯಾನಿಕಲ್ ಡೀಸೆಲ್ ಪಂಪು, ಅದರಲ್ಲಿ ಮಾತಾಡಲು ಕಂಪ್ಯೂಟರೇ ಇಲ್ಲ. ನನ್ನ ಭಾವನ ಬಿಎಸ್-6 (2020ರ ಹೊಗೆ ನಿಯಮದ) ಗಾಡಿಗೆ ಚುಚ್ಚಿದಾಗ ಚೆನ್ನಾಗಿ ಕೋಡ್ ತೋರಿಸಿತು. ಅದು ಕೂಡ ಯಾವ ಸರ್ಕ್ಯೂಟಿನಲ್ಲಿ ತೊಂದರೆ ಅಂತ ಹೇಳುತ್ತದೆಯೇ ಹೊರತು ಯಾವ ವೈರು ತುಂಡಾಗಿದೆ ಅಂತ ಹೇಳುವುದಿಲ್ಲ. ಕೈಯಲ್ಲಿ ಹಾಕುವ ಗೇರಿನ ಹಲ್ಲು, ಬೇರಿಂಗಿನ ಗೊಡವೆಗಂತೂ ಹೋಗುವುದೇ ಇಲ್ಲ. ಕಂಪ್ಯೂಟರ್ ಇರುವ ಹೊಸ ಗಾಡಿ ಇದ್ದವರು ತಗೊಳ್ಳಲಿ. ನನ್ನದು ಭಾವನ ಮನೆಯಲ್ಲೇ ಉಳಿಯಿತು.

ಇನ್ನು ಬಲ್ಬು ಮತ್ತು ಮೀಟರು. ಅಸಲಿ ಪೈಪೋಟಿ ಇವೆರಡರದ್ದೇ.

ಬಲ್ಬ್ ಅಂದರೆ ಇಂಡಿಕೇಟರಿನ 21 ವ್ಯಾಟ್ ಬಲ್ಬು, ಒಂದು ಹೋಲ್ಡರ್, ಎರಡು ವೈರು, ಎರಡು ಮೊಸಳೆ ಕ್ಲಿಪ್ಪು. ನಾನೇ ಕಟ್ಟಿಕೊಂಡೆ, ಖರ್ಚು 60 ರೂಪಾಯಿ. ಮೀಟರು ಅಂದರೆ ವೋಲ್ಟ್ ಅಳೆಯುವ ಮಲ್ಟಿಮೀಟರು, 350ರದ್ದು. ಮೀಟರ್ ಕೈಗೆ ಬಂದ ಮೇಲೆ ಬಲ್ಬ್ ಯಾಕೆ ಬೇಕು ಅಂತ ನಾನೂ ಅಂದುಕೊಂಡಿದ್ದೆ. ರಿವರ್ಸ್ ಲೈಟು ಆ ಭ್ರಮೆ ಬಿಡಿಸಿತು. ಅದೂ ಹತ್ತುತ್ತಿರಲಿಲ್ಲ. ಹಿಂದಿನ ಹೋಲ್ಡರಿಗೆ ಮೀಟರ್ ಹಿಡಿದೆ, 12.3 ವೋಲ್ಟ್. ಕರೆಂಟ್ ಬರ್ತಾ ಇದೆ, ಬಲ್ಬ್ ಹೋಗಿರಬೇಕು ಅಂತ ಹೊಸದು ಹಾಕಿದೆ. ಕತ್ತಲು! ಅದೇ ಜಾಗಕ್ಕೆ ಟೆಸ್ಟರ್ ಬಲ್ಬ್ ಹಿಡಿದರೆ ಅದೂ ಹತ್ತಲಿಲ್ಲ.

ವೈರ್ ಹಿಡಿದು ಹಿಂದಕ್ಕೆ ಹೋದೆ. ಚಾಸಿಗೆ ಅಂಟಿಕೊಂಡು ಹೋಗುವ ಕಡೆ ಪ್ಲಾಸ್ಟಿಕ್ ಮೇಲೆ ಚೂರು ಉಬ್ಬು ಕಂಡಿತು. ಬ್ಲೇಡಿನಿಂದ ಸೀಳಿದರೆ ಒಳಗೆ ತಾಮ್ರವೆಲ್ಲ ಹಸಿರು ಕಿಲುಬು ಹಿಡಿದು ಪುಡಿಯಾಗಿತ್ತು. ಉಳಿದಿದ್ದು ಕೂದಲಿನಂಥ ಒಂದೇ ಎಳೆ, ಅದೂ ಕಿಲುಬು ತಿಂದು ಅರೆಬರೆ ತಾಕುತ್ತಿತ್ತು. ಕಾಲುವೆ ದಂಡೆಯ ರಸ್ತೆಯಲ್ಲಿ ಸದಾ ಕೆಸರು ನೀರು ಎರಚಿಸಿಕೊಳ್ಳುವ ಗಾಡಿ ಇದು, ಇನ್ನೇನಾಗುತ್ತದೆ? ಮೀಟರ್ ಎಳೆದುಕೊಳ್ಳುವ ಕರೆಂಟು ಲೆಕ್ಕಕ್ಕೇ ಇಲ್ಲದಷ್ಟು ಕಮ್ಮಿ. ಕಿಲುಬು ತಿಂದ ಒಂದು ಎಳೆ ಇದ್ದರೂ ಅದಕ್ಕೆ ಪೂರ್ತಿ ವೋಲ್ಟ್ ಕಾಣುತ್ತದೆ. 21 ವ್ಯಾಟ್ ಬಲ್ಬಿಗೆ ಹೆಚ್ಚುಕಮ್ಮಿ ಎರಡು ಆಂಪಿಯರ್ ಬೇಕು. ಅಷ್ಟು ಕೇಳಿದ ಕೂಡಲೇ ಆ ಎಳೆ ಕೈ ಎತ್ತಿಬಿಡುತ್ತದೆ. ಲೈಟು, ಹಾರ್ನು, ವೈಪರ್, ಇಂಡಿಕೇಟರ್ ಇಷ್ಟಕ್ಕೆಲ್ಲ ನನ್ನ ವೋಟು ಬಲ್ಬಿಗೇ. ಆದರೆ ಭಾವನಂಥ ಹೊಸ ಗಾಡಿಯಲ್ಲಿ ಸಿಕ್ಕಸಿಕ್ಕ ವೈರಿಗೆ ಬಲ್ಬ್ ಹಚ್ಚಬೇಡಿ. ಕಂಪ್ಯೂಟರಿನ ವೈರಿಗೆ ಎರಡು ಆಂಪಿಯರ್ ಎಳೆದರೆ ಕಂಪ್ಯೂಟರೇ ಹೋಗಬಹುದು.

ಬಲ್ಬಿನ ಮೇಲೆ ಹೀಗೆ ನಂಬಿಕೆ ಕುದುರಿತ್ತು. ಸೆಲ್ಫ್ ವಿಷಯಕ್ಕೆ ಬಂದಾಗ ಅದೇ ಬಲ್ಬ್ ನನಗೆ ಟೋಪಿ ಹಾಕಿತು.

ಬ್ಯಾಟರಿಯ ಪ್ಲಸ್‌ಗೆ ಒಂದು ಕ್ಲಿಪ್ಪು, ಗೇರ್‌ಬಾಕ್ಸ್ ಮೈಗೆ ಇನ್ನೊಂದು. ಬಲ್ಬ್ ಫಳಫಳ ಹತ್ತಿತು. ಅಂದರೆ ಅರ್ಥಿಂಗ್ (ಕರೆಂಟು ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿ) ಸರಿ ಇದೆ, ಅಲ್ವಾ? ಮೀಟರಿನ ಬೀಪ್ ಕೂಡ ಹೌದು ಅಂತ ಕೂಗಿತು. ಎರಡು ದಿನ ಸೆಲ್ಫ್ ಬಿಚ್ಚಿ, ಕಾರ್ಬನ್ ಬ್ರಷ್ ನೋಡಿ, ಸುಮ್ನೆ ಒದ್ದಾಡಿದೆ. ಬ್ರಷ್ ಸವೆಯದೆ ಇನ್ನೂ ಉದ್ದ ಇದ್ದವು.

ಮೀಟರನ್ನು ಸರಿಯಾಗಿ ಬಳಸುವುದು ಗೊತ್ತಾಗಿದ್ದು ಮೂರನೇ ದಿನ. ಗಾಡಿ ನ್ಯೂಟ್ರಲ್ಲಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟೆ. ಇಂಜಿನ್ ಹತ್ತದಂತೆ ಪಂಪಿಗೆ ಡೀಸೆಲ್ ಬಿಡುವ ಸೊಲೆನಾಯ್ಡಿನ ವೈರು ಬಿಚ್ಚಿದೆ. ತಮ್ಮನನ್ನು ಕೀಲಿ ಹತ್ತಿರ ಕೂರಿಸಿ "ಹೊಡಿಯೋ" ಅಂದೆ. ಸೆಲ್ಫ್ ತಿರುಗುವಾಗಲೇ ಅಳೆಯಬೇಕು, ಗುಟ್ಟು ಅಷ್ಟೇ. ಬ್ಯಾಟರಿಯ ಎರಡು ಕಂಬದ ನಡುವೆ 10.9 ವೋಲ್ಟ್, ತೊಂದರೆ ಇಲ್ಲ. ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿದರೆ ಮಾತ್ರ ಬ್ಯಾಟರಿ ಮೇಲೆ ಅನುಮಾನ ಪಡಬೇಕು. ಪ್ಲಸ್ ಕಂಬದಿಂದ ಸೆಲ್ಫಿನ ದಪ್ಪ ಬೋಲ್ಟಿಗೆ 0.3, ಅದೂ ಸರಿ. ಮೈನಸ್ ಕಂಬದಿಂದ ಸೆಲ್ಫಿನ ಮೈಗೆ ಹಿಡಿದರೆ 2.5 ವೋಲ್ಟ್! ಅಲ್ಲಿ 0.2ರ ಆಸುಪಾಸು ಇರಬೇಕು. ಬ್ಯಾಟರಿ ಕೊಡುವ 10.9ರಲ್ಲಿ ಸೆಲ್ಫಿಗೆ ಸಿಗುತ್ತಿದ್ದದ್ದು 8.1 ಮಾತ್ರ. ಉಳಿದದ್ದರಲ್ಲಿ ಬಹುಪಾಲು ವಾಪಸ್ ಬರುವ ದಾರಿಯಲ್ಲೇ ಸೋರಿ ಹೋಗುತ್ತಿತ್ತು.

ಡೀಸೆಲ್ ಗಾಡಿಯ ಸೆಲ್ಫ್ 200 ಆಂಪಿಯರ್ ದಾಟಿ ಎಳೆಯುತ್ತದೆ. ಬಲ್ಬಿನ ಎರಡು ಆಂಪಿಯರಿಗೆ ಕಾಲುದಾರಿ ಸಾಕು, ಸೆಲ್ಫಿಗೆ ಹೆದ್ದಾರಿ ಬೇಕು. ಕಾಲುದಾರಿ ನೋಡಿ ಹೆದ್ದಾರಿ ಇದೆ ಅಂತ ನಾನು ನಂಬಿದ್ದೆ.

ಖಾತ್ರಿ ಮಾಡಿಕೊಳ್ಳಲು ಪಕ್ಕದ ಮನೆಯವರ ಜಂಪರ್ ಕೇಬಲ್ ತಂದೆ. ಕಪ್ಪು ಕೇಬಲ್ ಒಂದೇ ಸಾಕು. ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಗೇರ್‌ಬಾಕ್ಸಿನ ಖಾಲಿ ಬೋಲ್ಟಿಗೆ. ತಮ್ಮ ಕೀಲಿ ತಿರುಗಿಸಿದ, ಸೆಲ್ಫ್ ಹೊಸದರಂತೆ ತಿರುಗಿತು. ಎರಡು ನಿಮಿಷದ ಕೆಲಸ. ಸೆಲ್ಫ್ ಮಂದ ಆದಾಗ ಇನ್ನು ಮುಂದೆ ನಾನು ಮೊದಲು ಹಚ್ಚುವುದು ಇದನ್ನೇ.

ಗಾಡಿ ಕೆಳಗೆ ತೂರಿದೆ. ಇಂಜಿನ್ನು, ಗೇರ್‌ಬಾಕ್ಸು ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತವೆ. ಹಾಗಾಗಿ ಚಾಸಿಗೂ ಗೇರ್‌ಬಾಕ್ಸಿಗೂ ನಡುವೆ ಹೆಣೆದ ತಾಮ್ರದ ಪಟ್ಟಿಯೊಂದು ಬೇಕೇ ಬೇಕು. ನನ್ನ ಗಾಡಿಯಲ್ಲಿ ಆ ಪಟ್ಟಿ ಕೆಸರು, ಗ್ರೀಸು ಮೆತ್ತಿಕೊಂಡು, ಬೋಲ್ಟಿನ ಬುಡದಲ್ಲೇ ತುಂಡಾಗಿ ನೇತಾಡುತ್ತಿತ್ತು. ಹಾಗಾದರೆ ಇಷ್ಟು ದಿನ ಕರೆಂಟು ಯಾವ ದಾರಿಯಲ್ಲಿ ವಾಪಸ್ ಹೋಗುತ್ತಿತ್ತು? ತಮ್ಮನಿಗೆ ಇನ್ನೊಮ್ಮೆ ಹೊಡೆಯಲು ಹೇಳಿ ಕ್ಲಚ್ ಕೇಬಲ್ ಮುಟ್ಟಿದೆ. ಚುರ್ ಅಂತು.

ಎರಡು ರೋಗಕ್ಕೂ ಬೇರು ಒಂದೇ ಅಂತ ತಿಳಿದಿದ್ದು ಅಲ್ಲಿ. ಸೆಲ್ಫಿನ ಕರೆಂಟೆಲ್ಲ ಕ್ಲಚ್ ಕೇಬಲ್ಲಿನ ಒಳತಂತಿ ಹಿಡಿದು ಪೆಡಲ್ಲಿಗೆ, ಅಲ್ಲಿಂದ ಬಾಡಿಗೆ ಹೋಗುತ್ತಿತ್ತು. ಕೇಬಲ್ ಕಾದು ಒಳಗಿನ ನೈಲಾನ್ ಕೊಳವೆ ಕರಗಿ ತಂತಿಗೆ ಅಂಟಿಕೊಂಡಿತ್ತು. ಪೆಡಲ್ ತುಳಿದರೂ ಎಳೆತ ಪೂರ್ತಿ ಕ್ಲಚ್‌ಗೆ ಮುಟ್ಟುತ್ತಿರಲಿಲ್ಲ. ಕ್ಲಚ್ ಪೂರ್ತಿ ಬಿಡದಿದ್ದರೆ, ಅಂದರೆ ಇಂಜಿನ್ನಿನಿಂದ ಗೇರ್‌ಬಾಕ್ಸ್ ಬೇರೆಯಾಗದಿದ್ದರೆ, ಗೇರು ಹಲ್ಲು ಕಡಿಯದೆ ಇನ್ನೇನು ಮಾಡುತ್ತದೆ? ಹೆಡ್‌ಲೈಟ್ ಹಾಕಿದರೆ ಟೆಂಪರೇಚರ್ ಮುಳ್ಳು ಸುಮ್ಮನೆ ಮೇಲೇರುವುದನ್ನು ಕೂಡ ತಿಂಗಳಿಂದ ನೋಡುತ್ತಿದ್ದೆ. ಅದೂ ಇದೇ ಅರ್ಥಿಂಗಿನ ಆಟ.

ಇಲ್ಲಿ ಕಿವಿಯ ಮಾತು ಹೇಳಲೇಬೇಕು. ಗೇರಿನ ವಿಷಯದಲ್ಲಿ ಬಲ್ಬು, ಮೀಟರು ಎರಡೂ ಮೂಕ. ಗಂಗಾವತಿಯಲ್ಲಿ ವಯಸ್ಸಾದ ಮೇಸ್ತ್ರಿ ಒಬ್ಬರಿದ್ದಾರೆ, ಉದ್ದ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟುಕೊಂಡು ಗೇರ್‌ಬಾಕ್ಸ್ ಕೇಳುವವರು. ಕೇಬಲ್ ಬದಲಿಸುವ ಮುಂಚೆ ಅವರ ಹತ್ತಿರ ಹೋಗಿದ್ದೆ.

"ಇಂಜಿನ್ ಬಂದ್ ಮಾಡಿ ಗೇರ್ ಹಾಕ್ರಿ ನೋಡೋಣು" ಅಂದರು. ಐದೂ ಗೇರು, ರಿವರ್ಸು, ಬೆಣ್ಣೆಯಂತೆ ಬಿದ್ದವು. "ಬಂದ್ ಇದ್ದಾಗ ಬೀಳ್ತಾವ, ಚಾಲೂ ಇದ್ದಾಗ ಕಡೀತಾವ ಅಂದ್ರ ಬಾಕ್ಸಿಂದಲ್ರೀ ತಪ್ಪು, ಕ್ಲಚ್ ಬಿಡವಲ್ದು. ಮತ್ತ ಈ ಗಾಡಿ ರಿವರ್ಸ್‌ಗೆ ಸಿಂಕ್ರೊ ರಿಂಗೇ ಇರಂಗಿಲ್ಲ, ಎಲ್ಲಿಂದ ಹೋಗ್ತೈತಿ?" ಅಂದು ನಕ್ಕರು. ಆಮೇಲೆ ನ್ಯೂಟ್ರಲ್ಲಿನಲ್ಲಿಟ್ಟು ಕ್ಲಚ್ ತುಳಿದು ಬಿಟ್ಟು ಕೇಳಿದರು. ತುಳಿದಾಗ ಸದ್ದು ಬಂದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್. ತುಳಿದಾಗ ಸದ್ದು ನಿಂತರೆ ಬಾಕ್ಸಿನ ಒಳಗಿನ ಮುಂದಿನ ಬೇರಿಂಗ್. ನನ್ನದು ಎರಡೂ ಅಲ್ಲ. ಓಡುವಾಗ ವೇಗದ ಜೊತೆ ಏರುವ ಗುಂಯ್ ಸದ್ದೊಂದಿತ್ತು, ನ್ಯೂಟ್ರಲ್ ಮಾಡಿ ಉರುಳಿಸಿದರೂ ನಿಲ್ಲುತ್ತಿರಲಿಲ್ಲ. ಅದು ಪ್ರೊಪೆಲರ್ ಶಾಫ್ಟಿನ (ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಉದ್ದ ದಂಡ) ಸೆಂಟರ್ ಬೇರಿಂಗ್ ಅಂದರು. ಕೈಯಲ್ಲಿ ಶಾಫ್ಟ್ ಎತ್ತಿ ಅಲ್ಲಾಡಿಸಿದೆ, ರಬ್ಬರ್ ಸಡಿಲಾಗಿ ಲೊಟಲೊಟ ಅನ್ನುತ್ತಿತ್ತು. ನೂರಕ್ಕೆ ನೂರು ಮಾರ್ಕ್ಸ್. ಅದೇ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಹುಬ್ಬಳ್ಳಿಯಲ್ಲಿರುವ ಅಳಿಯನಿಗೆ ಕಳಿಸಿದ್ದೆ, ಅವನು ಡೈನಮೋ ಅಂದಿದ್ದ!

ಆದರೆ ಕಿವಿಗೂ ಅಳತೆ ಇದೆ. ಕ್ಲಚ್ ಬಿಡುತ್ತಿಲ್ಲ ಅಂತ ಮೇಸ್ತ್ರಿ ಹೇಳಿದರು, ಕೇಬಲ್ ಯಾಕೆ ಸುಟ್ಟಿತು ಅಂತ ಹೇಳಲಿಲ್ಲ. ಬರೀ ಅವರ ಮಾತು ಕೇಳಿ ಹೊಸ ಕೇಬಲ್ ಹಾಕಿದ್ದರೆ ಅದೂ ಸ್ವಲ್ಪ ದಿನದಲ್ಲಿ ಕರಗುತ್ತಿತ್ತು.

ತಾಮ್ರದ ಪಟ್ಟಿ 220, ಕೇಬಲ್ 450. ಪಟ್ಟಿ ಕೂರುವ ಜಾಗವನ್ನು ಎಮರಿ ಪೇಪರಿನಲ್ಲಿ ಬೆಳ್ಳಗೆ ಉಜ್ಜಿ, ಬಿಗಿ ಮಾಡಿ, ಮೇಲೆ ಗ್ರೀಸ್ ಬಳಿದೆ. ಮತ್ತೆ ಅಳೆದಾಗ ಆ 2.5 ವೋಲ್ಟ್ 0.15ಕ್ಕೆ ಇಳಿದಿತ್ತು. ಬ್ಯಾಟರಿ ಮಾತ್ರ ಹೊಡೆಯುವಾಗ 10.4 ತೋರಿಸಿತು, ಮೊದಲಿಗಿಂತ ಕಮ್ಮಿ! ಗಾಬರಿಯಾಗಬೇಡಿ. ದಾರಿ ಸರಿಯಾಯಿತಲ್ಲ, ಸೆಲ್ಫ್ ಈಗ ತನಗೆ ಬೇಕಾದಷ್ಟು ಎಳೆದುಕೊಳ್ಳುತ್ತಿದೆ.

ಸೆಂಟರ್ ಬೇರಿಂಗ್ ಕೊಯ್ಲು ಮುಗಿದ ಮೇಲೆ ಹಾಕಿಸಬೇಕು. ಇನ್ನು ಬ್ಯಾಟರಿ. "ಹೋಗೈತಿ" ಅಂದ ಆ ಹಳೆಯದನ್ನು ಎಕ್ಸ್‌ಚೇಂಜಿಗೆ 1,200 ರೂಪಾಯಿಗೆ ಬಿಟ್ಟು ಬಂದಿದ್ದೆ. ಪಕ್ಕದ ಕ್ಯಾಂಪಿನವರು ಅಲ್ಲಿಂದಲೇ ಅದನ್ನು ತಂದು ಟ್ರ್ಯಾಕ್ಟರಿಗೆ ಹಾಕಿಕೊಂಡಿದ್ದಾರೆ. ಮೊನ್ನೆ ಮಿಲ್ಲಿನ ಮುಂದೆ ಸಾಲಿನಲ್ಲಿ ನಿಂತಾಗ ನೋಡಿದೆ, ನಾನು ಹಚ್ಚಿದ್ದ ನೀಲಿ ಬಣ್ಣದ ಗುರುತು ಇನ್ನೂ ಹಾಗೇ ಇತ್ತು. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.