ಎಂಸಿಬಿ ಬೀಳುತ್ತಿದೆ ಎಂದು ದೊಡ್ಡದು ಹಾಕಿಸಬೇಡಿ

ಇಂಡಕ್ಷನ್ ಒಲೆ, ಓವನ್, ಕೆಟಲ್ ಮೂರೂ ಒಂದೇ ಲೈನಿನಲ್ಲಿದ್ದ ಅಡುಗೆಮನೆ. ಮೂರನ್ನೂ ಒಟ್ಟಿಗೆ ಹಾಕಿದರೆ ಸ್ವಲ್ಪ ಹೊತ್ತಿಗೆ 16 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಬೀಳುತ್ತಿತ್ತು. ರಿಪೇರಿಗೆ ಬಂದವರು ವೈರ್ ಯಾವುದು ಎಂದೂ ನೋಡದೆ 32ರ ಎಂಸಿಬಿ ಕೂರಿಸಿ ಹೋದರು. ಟ್ರಿಪ್ ಆಗುವುದು ನಿಂತಿತು, ಎಲ್ಲರಿಗೂ ಸಮಾಧಾನ. ಆಮೇಲೆ ಶುರುವಾಯಿತು ಮೀನು ಸುಟ್ಟಂಥ ವಾಸನೆ. ಸಾಕೆಟ್ ಬಿಚ್ಚಿದರೆ ಫೇಸ್ ಟರ್ಮಿನಲ್ ಕಪ್ಪಾಗಿತ್ತು. ವೈರಿನ ಹೊದಿಕೆ ಕಂದುಬಣ್ಣಕ್ಕೆ ತಿರುಗಿ, ಬಗ್ಗಿಸಿದ ಕಡೆಯೆಲ್ಲ ಬಿರಿದು ಉದುರುತ್ತಿತ್ತು.

ಲೆಕ್ಕ ಸುಲಭ. 2000, 2000, 1500 ವ್ಯಾಟ್ ಸೇರಿ 5500. ಅದನ್ನು 230 ವೋಲ್ಟ್‌ನಿಂದ ಭಾಗಿಸಿದರೆ ಸುಮಾರು 24 ಆಂಪಿಯರ್. ಗೋಡೆಯೊಳಗಿದ್ದದ್ದು 1.5 ಸ್ಕ್ವೇರ್ ಎಂಎಂ ತಾಮ್ರದ ವೈರ್. ಪೈಪಿನೊಳಗೆ ಅದು ತಾಳುವುದು ಹೆಚ್ಚೆಂದರೆ 15-16 ಆಂಪಿಯರ್. ಕರೆಂಟ್ ಒಂದೂವರೆ ಪಟ್ಟಾದರೆ ಶಾಖ ಎರಡೂಕಾಲು ಪಟ್ಟಾಗುತ್ತದೆ. ಎಂಸಿಬಿ ಇರುವುದು ಒಲೆಯನ್ನು ಕಾಯಲಿಕ್ಕಲ್ಲ, ವೈರನ್ನು ಕಾಯಲಿಕ್ಕೆ. 32ರ ಎಂಸಿಬಿಗೆ 24 ಆಂಪಿಯರ್ ಲೆಕ್ಕಕ್ಕೇ ಇಲ್ಲ, ಆರಾಮಾಗಿ ಬಿಟ್ಟುಕೊಂಡಿತು.

ಆರ್‌ಸಿಸಿಬಿ ಇದೆಯಲ್ಲ ಎಂಬ ಧೈರ್ಯವೂ ಬೇಡ. ಅದು ಶಾಕ್‌ನಿಂದ ಕಾಯುವ ಸ್ವಿಚ್. ಕರೆಂಟ್ ಸೋರಿದರಷ್ಟೇ ಬೀಳುತ್ತದೆ, ಲೋಡ್ ಹೆಚ್ಚಾದದ್ದು ಅದಕ್ಕೆ ತಿಳಿಯುವುದಿಲ್ಲ. ಹಾಗೆಂದು ತೆಗೆಸಿಬಿಡಬೇಡಿ, ನೀರಿರುವ ಅಡುಗೆಮನೆಗೆ 30 ಮಿಲಿಆಂಪಿಯರ್‌ನದ್ದು ಇರಲೇಬೇಕು.

ಸರಿಯಾದ ದಾರಿ ಎಂದರೆ ದೊಡ್ಡ ಉಪಕರಣ ಪ್ರತಿಯೊಂದಕ್ಕೂ ಡಿಬಿಯಿಂದಲೇ (ಎಂಸಿಬಿಗಳಿರುವ ಪೆಟ್ಟಿಗೆ) ಬೇರೆ ಲೈನ್. 2000-3000 ವ್ಯಾಟಿನದಕ್ಕೆ 2.5 ಸ್ಕ್ವೇರ್ ಎಂಎಂ, ದೂರ ಹೆಚ್ಚಿದ್ದರೆ 4. 16 ಆಂಪಿಯರ್ ಎಂಸಿಬಿ, 16 ಆಂಪಿಯರ್ ಸಾಕೆಟ್, ಜೊತೆಗೆ ಅರ್ಥ್ ವೈರ್. ನಾಲ್ಕು ಬರ್ನರಿನ ಇಂಡಕ್ಷನ್ 7000 ವ್ಯಾಟಿನವರೆಗೂ ಎಳೆಯುತ್ತದೆ, ಅಂದರೆ 30 ಆಂಪಿಯರ್. ಅದಕ್ಕೆ ಪ್ಲಗ್ ಸಾಲದು: 6 ಸ್ಕ್ವೇರ್ ಎಂಎಂ, 32ರ ಎಂಸಿಬಿ, ನೇರ ಕನೆಕ್ಷನ್, ಕೈಗೆಟುಕುವಲ್ಲಿ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಸ್ವಿಚ್. ದಪ್ಪ ಪಿನ್ನಿನ ಪ್ಲಗ್ಗನ್ನು ಸಣ್ಣ ಸಾಕೆಟ್ಟಿಗೆ ಕೂರಿಸುವ ಕನ್ವರ್ಟರ್ ಪಿನ್ನನ್ನಂತೂ ಮನೆಯೊಳಗೇ ತರಬೇಡಿ.

ಕೆಲಸ ಮಾಡಿಸುವಾಗ ವೈರಿನ ಹೊದಿಕೆಯ ಮೇಲೆ ಅಚ್ಚಾದ ಅಳತೆಯನ್ನು ಕಣ್ಣಾರೆ ನೋಡಿ. ಪೈಪಿನ ನಡುವೆ ಜಾಯಿಂಟ್ ಇರಕೂಡದು. ಟರ್ಮಿನಲ್ ಸ್ಕ್ರೂ ಹೊದಿಕೆಯನ್ನು ಕಚ್ಚದೆ ತಾಮ್ರವನ್ನೇ ಒತ್ತಿರಬೇಕು. ಒಂದೆರಡು ಎಳೆ ಹೊರಗುಳಿದರೂ ಬಿಚ್ಚಿಸಿ ಮತ್ತೆ ಹಾಕಿಸಿ, ಏಕೆಂದರೆ ಸಡಿಲ ಜಾಯಿಂಟಿನ ಬಿಸಿಯನ್ನು ಯಾವ ಎಂಸಿಬಿಯೂ ಗುರುತಿಸುವುದಿಲ್ಲ. ಕೊನೆಗೆ ಪೂರ್ತಿ ಲೋಡಿನಲ್ಲಿ ಒಂದು ಗಂಟೆ ಓಡಿಸಿ, ಒಣಗಿದ ಕೈಯಲ್ಲಿ ಸ್ವಿಚ್ ಪ್ಲೇಟ್ ಮುಟ್ಟಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಮೇನ್ ಆಫ್ ಮಾಡಿ, ಕೆಲಸ ಮಾಡಿದವರನ್ನು ಅಂದೇ ಕರೆಸಿ.