ಸರಕಿನ ಹಳಿಯ ಮೇಲೆ ಊರಿನ ರೈಲು: ಓಕ್‌ಹ್ಯಾಂಪ್ಟನ್ ದಾರಿಯೋ, ಆಶಿಂಗ್ಟನ್ ದಾರಿಯೋ?

ಸರಕು ಸಾಗಣೆಗಷ್ಟೇ ಉಳಿದ ಹಳಿಯ ಮೇಲೆ ಮತ್ತೆ ಪ್ರಯಾಣಿಕರ ರೈಲು ಓಡಿಸಲು ಹೊರಟವರು ಇಂಗ್ಲೆಂಡಿನ ಎರಡು ಮಾರ್ಗಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಡೆವನ್‌ನ ಓಕ್‌ಹ್ಯಾಂಪ್ಟನ್‌ಗೆ 1972ರಲ್ಲಿ ನಿಂತುಹೋಗಿದ್ದ ನಿತ್ಯದ ರೈಲು 2021ರ ನವೆಂಬರ್‌ನಲ್ಲಿ ಮರಳಿತು. ಮೆಲ್ಡನ್ ಕ್ವಾರಿಯ ಜಲ್ಲಿ ಸಾಗಿಸುತ್ತಿದ್ದ ಈ ಹಳಿಯಲ್ಲಿ ಬೇಸಿಗೆಯ ಭಾನುವಾರಗಳಂದು ರೈಲು ಬರುತ್ತಿದ್ದುದರಿಂದ ನಿಲ್ದಾಣ ಸುಸ್ಥಿತಿಯಲ್ಲಿತ್ತು. ಹನ್ನೊಂದು ಮೈಲಿ ಹೊಸ ಹಳಿ, 24,000 ಕಾಂಕ್ರೀಟ್ ಸ್ಲೀಪರ್‌ಗಳು ಬಿದ್ದವು, ಸುಮಾರು 4 ಕೋಟಿ ಪೌಂಡಿನಲ್ಲಿ ಕೆಲಸ ಮುಗಿಯಿತು.

ಆಶಿಂಗ್ಟನ್‌ನಿಂದ ನ್ಯೂಕ್ಯಾಸಲ್‌ಗೆ ಹೋಗುವ ಮಾರ್ಗದ ಕಥೆ ಬೇರೆ. 1964ರಲ್ಲಿ ಪ್ರಯಾಣಿಕರಿಗೆ ಮುಚ್ಚಿದ ಈ ಕಲ್ಲಿದ್ದಲು ಸೀಮೆಯ ಹಳಿಯ ಮೇಲೆ ಸರಕು ರೈಲುಗಳು ಓಡುತ್ತಲೇ ಇದ್ದವು, ಆದರೆ ನಿಲ್ದಾಣಗಳನ್ನು ಹೊಸದಾಗಿಯೇ ಕಟ್ಟಬೇಕಾಯಿತು, ಲೆವೆಲ್ ಕ್ರಾಸಿಂಗ್‌ಗಳನ್ನು ಸುಧಾರಿಸಬೇಕಾಯಿತು, ನೆಲದಡಿಯ ಹಳೆಯ ಗಣಿಗಳ ಪೊಳ್ಳನ್ನು ತುಂಬಬೇಕಾಯಿತು. ವೆಚ್ಚ ಅಂದಾಜನ್ನು ಬಹಳ ಮೀರಿತು. 2024ರ ಡಿಸೆಂಬರ್ 15ರಂದು ರೈಲು ಹೊರಟಾಗ ಆರು ನಿಲ್ದಾಣಗಳ ಪೈಕಿ ಎರಡಷ್ಟೇ ಸಿದ್ಧವಾಗಿದ್ದವು.

ಹಾಗೆಂದು ಅಗ್ಗದ್ದೇ ಮೇಲು ಎನ್ನಲಾಗದು. ಓಕ್‌ಹ್ಯಾಂಪ್ಟನ್ ಸಣ್ಣ ಊರು, ಅಲ್ಲಿ ಗಂಟೆಗೊಂದು ರೈಲು ಸಾಕು. ಆಶಿಂಗ್ಟನ್‌ನವರು ದಿನವೂ ಕೆಲಸಕ್ಕೆ ನ್ಯೂಕ್ಯಾಸಲ್ ಸೇರಬೇಕು, ಅರ್ಧ ಗಂಟೆಗೊಂದು ರೈಲಿಲ್ಲದಿದ್ದರೆ ಅವರು ಕಾರನ್ನು ಬಿಡುವುದಿಲ್ಲ. ಹಳಿ, ನಿಲ್ದಾಣ ಎರಡೂ ಉಳಿದಿದ್ದರೆ ಮೊದಲನೆಯ ದಾರಿಯನ್ನೇ ಹಿಡಿಯಿರಿ. ನಿಲ್ದಾಣಗಳೇ ಇಲ್ಲದಿದ್ದರೆ ಅಂದಾಜು ಪಟ್ಟಿ ಬರೆಯುವ ಮೊದಲು ನೆಲವನ್ನು ಕೊರೆದು ಪರೀಕ್ಷಿಸಿ.